ಊರೊಳಗೆ ಬಿಡದ ಕಾರು

ನೆದರ್‌ಲ್ಯಾಂಡ್ಸ್‌ಗೆ ಹೋಗಿ ಬಂದೆ ಅಂದರೆ ಸಾಕು, ಟುಲಿಪ್ ಹೂವಿನ ಫೋಟೋ ತೋರಿಸಿ ಅನ್ನುತ್ತಾರೆ. ನಾನು ಹೋಗಿದ್ದು ಅಕ್ಟೋಬರಿನಲ್ಲಿ. ಹೂವೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಗಾಳಿಯಂತ್ರವೊಂದನ್ನು ದೂರದಿಂದ, ಮಂಜು ಹಿಡಿದ ಗಾಜಿನ ಆಚೆ ನೋಡಿದೆ, ಅದೂ ತಿರುಗುತ್ತಿರಲಿಲ್ಲ. ಅಲ್ಲಿದ್ದಷ್ಟು ದಿನ ನಾನು ಕಣ್ತುಂಬ ನೋಡಿದ ವಸ್ತು ಅಂದರೆ ನನ್ನ ತಂಗಿಯ ಗಂಡನ ಹಳೇ ಡೀಸೆಲ್ ಕಾರು. ಹಾಗಾಗಿ ಅದರ ಕಥೆಯನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸ್ಕಿಪೋಲ್

ಕೊರೋನಾ ಕಾಲದ ವಿಮಾನ ಪ್ರಯಾಣದ ಬಗ್ಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಮುಖಕ್ಕೆ ಮಾಸ್ಕ್ ಬಿಗಿದುಕೊಂಡು, ಪಕ್ಕದವರು ಕೆಮ್ಮಿದರೆ ಕಳ್ಳರನ್ನು ನೋಡುವ ಹಾಗೆ ನೋಡುತ್ತಾ ಇಡೀ ದಾರಿ ಕಳೆದೆ. ಇಳಿಯುವ ಹೊತ್ತಿಗೆ ಕಿವಿಯ ಹಿಂದೆ ಮಾಸ್ಕಿನ ದಾರ ಕೊರೆದು ಉರಿಯುತ್ತಿತ್ತು. ಊರು ನೋಡುವ ಆಸೆಯಿಂದ ಹೊರಟವಳಲ್ಲ ನಾನು. ತಂಗಿ ಸುಮಾ ಫೋನಿನಲ್ಲಿ, "ಅಕ್ಕಾ, ನಂಗೆ ಸಾಕಾಗಿದೆ. ನೀನು ಬಂದು ಸುಮ್ನೆ ಮನೇಲಿರು, ಅಷ್ಟೇ ಸಾಕು" ಅಂದಿದ್ದಳು. ಅವಳು ಹಾಗೆಲ್ಲ ಬಾಯಿಬಿಟ್ಟು ಹೇಳುವವಳಲ್ಲ.

ಆ ವರ್ಷದ ಬೇಸಿಗೆಗೆ ಮುಂಚೆ ಅವಳ ಗಂಡ ಪ್ರಸನ್ನ ಅವರಿಗೆ ಕೊರೋನಾ ಬಂದು, ಐಸಿಯುನಲ್ಲಿ ಮಲಗಿ, ಹೇಗೋ ಎದ್ದು ಬಂದಿದ್ದರು. ಜೀವ ಉಳಿಯಿತು, ಶ್ವಾಸಕೋಶ ಮೊದಲಿನ ಹಾಗಾಗಲಿಲ್ಲ. ಮಹಡಿ ಹತ್ತಿದರೆ ಏದುಸಿರು. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಮುಖದ ಮೇಲೆ ಏನಾದರೂ ಮುಚ್ಚಿದರೆ, ಕಿಟಕಿ ತೆಗೆಯಲಾಗದ ಜಾಗದಲ್ಲಿ ಜನರ ನಡುವೆ ಸಿಕ್ಕಿಕೊಂಡರೆ, ಅವರಿಗೆ ಆಸ್ಪತ್ರೆಯ ದಿನಗಳು ಮೈಮೇಲೆ ಬಂದ ಹಾಗೆ ವಾಪಸು ಬರುತ್ತಿದ್ದವು. ಉಸಿರು ಸಿಗುತ್ತಿರಲಿಲ್ಲ. ಹೀಗಾಗಿ ರೈಲು, ಬಸ್ಸು, ಅಂಗಡಿ ಎಲ್ಲ ಬಿಟ್ಟಿದ್ದರು. ಹೊರಗೆ ಹೋದರೆ ಕಾರಿನಲ್ಲಿ ಮಾತ್ರ.

ನನ್ನನ್ನು ಕರೆದೊಯ್ಯಲು ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಬಂದಾಗಲೂ ಅವರು ಕಾರಿನಿಂದ ಇಳಿಯಲಿಲ್ಲ. ಸುಮಾ ಒಬ್ಬಳೇ ಓಡಿ ಬಂದು ತಬ್ಬಿಕೊಂಡಳು. ಅವಳ ಭುಜದ ಮೂಳೆ ನನಗೆ ಚುಚ್ಚಿತು. ಕಾರಿನ ಹತ್ತಿರ ಹೋದರೆ ಪ್ರಸನ್ನ ಗಾಜು ಇಳಿಸಿ, "ಬನ್ನಿ ಅಕ್ಕ, ಪ್ರಯಾಣ ಹೇಗಾಯ್ತು?" ಅಂದರು. ಧ್ವನಿ ಅವರದೇ. ಮುಖ ಮಾತ್ರ ಯಾರೋ ವಯಸ್ಸಾದವರ ಮುಖದ ಹಾಗಿತ್ತು.

ಕಾರು ಬೂದು ಬಣ್ಣದ್ದು, ಹಿಂಭಾಗ ಉದ್ದ. ನಮ್ಮ ಕಡೆ ಮದುವೆ ಛತ್ರಕ್ಕೆ ಪಾತ್ರೆ ಸಾಗಿಸಲು ಹೇಳಿ ಮಾಡಿಸಿದಂಥದ್ದು. ಊರಿಗೆ ವಾಪಸು ಹೊರಟ ಕನ್ನಡದವರೊಬ್ಬರಿಂದ ಇವರು ತೆಗೆದುಕೊಂಡಾಗಲೇ ಅದು ಹಳೆಯದಾಗಿತ್ತಂತೆ. ಒಳಗೆ ಕಾಫಿಪುಡಿಯ ವಾಸನೆ, ಮುಂದೆ ಪುಟ್ಟ ಗಣಪತಿ. ಕೂತ ತಕ್ಷಣ ನನಗೆ ಊರು ಬಿಟ್ಟು ಬಂದ ಹಾಗೇ ಅನ್ನಿಸಲಿಲ್ಲ.

ಆಮರ್ಸ್‌ಫೋರ್ಟ್

ಇವರ ಮನೆ ಆಮರ್ಸ್‌ಫೋರ್ಟ್ ಎಂಬ ಊರಿನಲ್ಲಿ. ಸಾಲಾಗಿ ಅಂಟಿಕೊಂಡ ಮನೆಗಳು, ಏಣಿಯಂಥ ಮೆಟ್ಟಿಲು, ದೊಡ್ಡ ದೊಡ್ಡ ಕಿಟಕಿ. ಯಾರೂ ಪರದೆ ಎಳೆಯುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಇವರು ಏನು ಊಟ ಮಾಡುತ್ತಿದ್ದಾರೆ ಅಂತ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಾನು ಮಾತ್ರ ಎಲ್ಲರ ಮನೆಯೊಳಗೂ ಇಣುಕಿಕೊಂಡು ಹೋಗುತ್ತಿದ್ದೆ. ಸುಮಾ ತೋಳು ಹಿಡಿದು ಎಳೆಯುತ್ತಿದ್ದಳು.

ಬೆಳಿಗ್ಗೆ ತಿಂಡಿ ಆದ ಮೇಲೆ ಪ್ರಸನ್ನ ಹೋಗಿ ಮನೆ ಮುಂದೆ ನಿಂತ ಕಾರಿನೊಳಗೆ ಕೂರುತ್ತಿದ್ದರು. ಎಂಜಿನ್ ಆನ್ ಮಾಡುತ್ತಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ. ಗಾಜು ಇಳಿಸಿಕೊಂಡು ಫೋನಿನಲ್ಲಿ ಮಾತಾಡುವುದು, ಪೇಪರ್ ಓದುವುದು, ಸುಮ್ಮನೆ ಕೂರುವುದು. ಕಾಫಿ ಅಲ್ಲಿಗೇ ಕೊಡಬೇಕು.

"ಮಾರಿಬಿಡೋಣ ಅಂತ ಒಂದ್ಸಲ ಹೇಳ್ದೆ ಅಕ್ಕ, ಎಷ್ಟೋ ದಿನ ಮಾತೇ ಆಡ್ಲಿಲ್ಲ" ಅಂದಳು ಸುಮಾ.

"ಯಾಕೆ ಮಾರ್ಬೇಕು? ಓಡ್ತಿದೆಯಲ್ಲ."

ಆಗ ಅವಳು ವಿಷಯ ಬಿಡಿಸಿ ಹೇಳಿದಳು. ಅಲ್ಲಿನ ದೊಡ್ಡ ಊರುಗಳಲ್ಲಿ ಗಾಳಿ ಕೆಡಬಾರದು ಅಂತ ಗಡಿ ಹಾಕಿದ್ದಾರೆ. ಮಿಲ್ಯೂಜೋನ್ ಅನ್ನುತ್ತಾರೆ. ಹಳೇ ಡೀಸೆಲ್ ಗಾಡಿಗಳು ಆ ಗಡಿ ದಾಟುವಂತಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಓದುತ್ತದೆ, ದಂಡ ಮನೆಗೇ ಬರುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹಿಂದಿನ ವರ್ಷ ನಿಯಮ ಇನ್ನೂ ಬಿಗಿಯಾಯಿತಂತೆ, ಇವರ ಕಾರು ಹೊರಗುಳಿಯಿತು. ಮೊದಲೇ ಕೇಳಿಕೊಂಡರೆ ವರ್ಷಕ್ಕೆ ಕೆಲವು ದಿನ ಬಿಡುತ್ತಾರೆ. ಆ ದಿನಗಳೆಲ್ಲ ಪ್ರಸನ್ನ ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಸುಮಾ ಓಡಾಡಿ ಮುಗಿದುಹೋಗಿದ್ದವು. ಈಗ ಅದೇ ಆಸ್ಪತ್ರೆಯಲ್ಲಿ ಶ್ವಾಸಕೋಶದ ತಪಾಸಣೆ ಇತ್ತು, ವಿಜಯದಶಮಿಯ ದಿನ. ತಿಂಗಳುಗಟ್ಟಲೆ ಕಾದು ಸಿಕ್ಕ ದಿನ ಅದು. ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು, ತಪಾಸಣೆ ಆಗದೆ ಕೆಲಸಕ್ಕೆ ವಾಪಸು ಸೇರುವಂತಿಲ್ಲ.

"ಗಡಿ ಹತ್ರ ಗಾಡಿ ನಿಲ್ಸಿ ಟ್ರಾಮಲ್ಲಿ ಹೋಗೋಣ ಅಂತ ಹೇಳಿದೀನಿ" ಅಂದಳು ಸುಮಾ. "ಹ್ಞೂಂ ಅನ್ನಲ್ಲ, ಉಹ್ಞೂಂ ಅನ್ನಲ್ಲ."

ರಾತ್ರಿ ಊಟಕ್ಕೆ ಕೂತಾಗ ಪ್ರಸನ್ನ ತಾವೇ ಆ ಮಾತು ತೆಗೆದರು. "ಅಕ್ಕ, ನೀವೇ ಹೇಳಿ. ದುಡ್ಡಿದ್ದೋರು ಬ್ಯಾಟರಿ ಕಾರ್ ತಗೊಂಡು ಆರಾಮಾಗಿ ಒಳಗೆ ಹೋಗ್ತಾರೆ. ನಮ್ಮಂಥೋರ ಗಾಡಿ ಮಾತ್ರ ವಿಷ. ಸ್ಕಿಪೋಲಲ್ಲಿ ಹಾರೋ ವಿಮಾನ ಹೊಗೆ ಬಿಡಲ್ವಾ? ಹೋದ ತಿಂಗಳು ಹೀಟರ್ ರಿಪೇರಿಗೆ ಒಬ್ಬ ಬಂದಿದ್ದ. ಹಳೇ ವ್ಯಾನ್ ಅಂತ ಆಮ್‌ಸ್ಟರ್‌ಡ್ಯಾಮ್ ಗಿರಾಕಿಗಳನ್ನೆಲ್ಲ ಬಿಟ್ಟಿದಾನೆ. ಹೊಸದು ತಗೊಳಕ್ಕೆ ಅವನ ಹತ್ರ ಎಲ್ಲಿದೆ?"

ಹೇಳಿ ಮುಗಿಸುವಷ್ಟರಲ್ಲಿ ಏದುಸಿರು ಬಂತು. ನೀರು ಕುಡಿದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ, ಉಸಿರಾಡಲು ಇಷ್ಟು ಕಷ್ಟಪಡುವ ಮನುಷ್ಯ ಹೊಗೆ ಕಾರಿನ ಪರವಾಗಿ ಇಷ್ಟು ಉಸಿರು ಖರ್ಚು ಮಾಡುತ್ತಿದ್ದಾರಲ್ಲ, ಆ ನಿಯಮ ಇರುವುದೇ ಇಂಥವರಿಗಾಗಿ ಅಲ್ಲವೇ ಅಂತ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಅನ್ನದ ಜೊತೆ ನುಂಗಿಕೊಂಡೆ. ಮನೆ ಅಳಿಯನಿಗೆ ಹಾಗೆಲ್ಲ ಹೇಳಲಾಗುತ್ತದೆಯೇ?

ಹೊಗೆಯ ಬಗ್ಗೆ ಮಾತಾಡಲು ನಾನೂ ಯೋಗ್ಯಳಲ್ಲ ಬಿಡಿ. ಮೈಸೂರಿನಲ್ಲಿ ಬಸ್ ಡಿಪೋದ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬೆಳಗಿನ ಬಸ್ಸುಗಳು ಸಾಲಾಗಿ ಸ್ಟಾರ್ಟ್ ಆದರೆ ನಮ್ಮ ಕಿಟಕಿಯ ಸರಳುಗಳೇ ಕಾಣುತ್ತಿರಲಿಲ್ಲ. ಆ ವಾಸನೆ ಮೂಗಿಗೆ ಹತ್ತುವುದು ಎಂದೋ ನಿಂತುಹೋಗಿದೆ. ಇನ್ನು ನಮ್ಮೂರಿನ ಎಮಿಷನ್ ಟೆಸ್ಟ್ ಗೊತ್ತೇ ಇದೆಯಲ್ಲ, ಹುಡುಗ ಪೈಪು ತೂರಿಸಿದ ಶಾಸ್ತ್ರ ಮಾಡಿ, ನಂಬರ್ ಪ್ಲೇಟಿನ ಫೋಟೋ ಹೊಡೆದು, ಚೀಟಿ ಕೊಟ್ಟು ಕಳಿಸುತ್ತಾನೆ.

ಆಯುಧಪೂಜೆ

ಡಿಪೋದವಳಿಗೆ ಆಯುಧಪೂಜೆ ಅಂದರೆ ದೀಪಾವಳಿಗಿಂತ ದೊಡ್ಡದು. ಪ್ರತಿ ಬಸ್ಸಿಗೂ ಬಾಳೆಕಂದು, ಸೇವಂತಿಗೆ ಹಾರ, ಗಾಜಿಗೆ ವಿಭೂತಿ, ಚಕ್ರಕ್ಕೆ ನಿಂಬೆಹಣ್ಣು. ಮಾರನೇ ದಿನ ತಪಾಸಣೆಗೆ ಹೋಗುವ ಕಾರಿಗೆ ಪೂಜೆ ಇಲ್ಲದಿದ್ದರೆ ಹೇಗೆ ಅಂತ ನಾನು ಹಠ ಹಿಡಿದೆ. ಪ್ರಸನ್ನರ ಮುಖದಲ್ಲಿ ಅವತ್ತು ಮೊದಲ ಸಲ ಸ್ವಲ್ಪ ಕಳೆ ಬಂತು. ತಾವೇ ಬಕೆಟ್ ತಂದು, ನಿಂತು ನಿಂತು ಸುಧಾರಿಸಿಕೊಂಡು ಕಾರು ತೊಳೆದರು.

ಬೂದುಗುಂಬಳ ಸಿಗಲಿಲ್ಲ. ಅಂಗಡಿ ತುಂಬ ಕಿತ್ತಳೆ ಬಣ್ಣದ ಸಿಹಿಗುಂಬಳವಿತ್ತು, ಅದನ್ನೇ ತಂದೆವು. ನಾನು ಬಾನೆಟ್ಟಿನ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆಯಲು ಶುರುಮಾಡಿದ್ದೆ, ಸುಮಾ ಹಾರಿ ಬಂದು ಅಂಗೈಯಲ್ಲಿ ಅಳಿಸಿದಳು. "ಅಕ್ಕಾ! ಇಲ್ಲಿ ಅದಕ್ಕೆ ಅರ್ಥವೇ ಬೇರೆ, ಪೊಲೀಸ್ ಬರ್ತಾರೆ." ಸರಿ, ಬಾನೆಟ್ ಬೇಡ ಅಂತ ನಂಬರ್ ಪ್ಲೇಟಿಗೆ ಬಂದೆ. ಆ ದೇಶದಲ್ಲಿ ಪ್ಲೇಟುಗಳೆಲ್ಲ ಹಳದಿ, ಅರಿಶಿನ ಬಳಿದೇ ಕೊಟ್ಟ ಹಾಗಿರುತ್ತವೆ. ಅದರ ಮೇಲೆ ಗಂಧದಲ್ಲಿ ಕಲಸಿದ ವಿಭೂತಿಯಿಂದ ದಪ್ಪಗೆ ಮೂರು ಪಟ್ಟೆ ಎಳೆದೆ, ನಡುವೆ ಕಾಸಗಲ ಕುಂಕುಮ ಇಟ್ಟೆ. ಹಿಂದೆಯೂ ಹಾಗೇ. ಮುಂದಕ್ಕೆ ಒಂದು ಸೇವಂತಿಗೆ ಹಾರ.

ಮಂಗಳಾರತಿ ಆಗಿ, ಕುಂಬಳಕಾಯಿಯನ್ನು ರಸ್ತೆಗೆ ಅಪ್ಪಳಿಸಿದಾಗ ಎದುರು ಮನೆಯ ಅಜ್ಜಿ ಹೊರಗೆ ಬಂದರು. ಕೋಪದಲ್ಲಿ ಬೈಯುತ್ತಾರೆ ಅಂತ ನಾನು ಕೈ ಮುಗಿದೆ. ಅವರು ಒಡೆದ ಹೋಳುಗಳನ್ನು ಬಗ್ಗಿ ನೋಡಿ ಸುಮಾಗೆ ಏನೋ ಹೇಳಿ, ಪೊರಕೆ ತಂದುಕೊಟ್ಟು ಒಳಗೆ ಹೋದರು.

"ಏನಂದ್ರು?"

"ಇಷ್ಟು ಒಳ್ಳೇ ಕುಂಬಳಕಾಯಿ, ಸೂಪ್ ಮಾಡ್ಬಹುದಿತ್ತು ಅಂದ್ರು."

ರಾತ್ರಿ ಸುಮಾ ಪ್ಲೇಟನ್ನು ಒರೆಸಲು ಬಟ್ಟೆ ತಂದಳು. ನಾನು ಬಿಡಲಿಲ್ಲ. ಪೂಜೆ ಮಾಡಿದ್ದನ್ನು ನಾವು ಒರೆಸಬಾರದು, ಅದಾಗೇ ಹೋಗಬೇಕು ಅಂದೆ. ಪ್ರಸನ್ನ, "ಇರ್ಲಿ ಬಿಡು, ಅಕ್ಕ ಪ್ರೀತಿಯಿಂದ ಮಾಡಿದಾರೆ" ಅಂದರು. ಆ ದೇಶದಲ್ಲಿ ಮಳೆ ದಿನಾ ಬರುತ್ತದೆ, ಅವತ್ತು ರಾತ್ರಿ ಒಂದು ಹನಿಯೂ ಬರಲಿಲ್ಲ.

ಕೆಂಪು ಉಂಗುರದ ಫಲಕ

ಬೆಳಿಗ್ಗೆ ಕತ್ತಲಿರುವಾಗಲೇ ಹೊರಟೆವು. ಪ್ರಸನ್ನ ಓಡಿಸುತ್ತಿದ್ದರು. ಸ್ಟೇರಿಂಗ್ ಹಿಡಿದರೆ ಅವರು ಬೇರೆಯೇ ಮನುಷ್ಯ. ಬೆನ್ನು ನೆಟ್ಟಗೆ, ಕೈ ಹಗುರ. ಆಮ್‌ಸ್ಟರ್‌ಡ್ಯಾಮಿನ ಅಂಚಿಗೆ ಬಂದಾಗ ಸುಮಾ, "ಇಲ್ಲೇ ರೀ, ಪಾರ್ಕಿಂಗ್‌ಗೆ ಬಲಕ್ಕೆ" ಅಂದಳು. ಪ್ರಸನ್ನ ನೇರ ಹೋದರು.

"ರೀ, ತಪ್ಪಿಹೋಯ್ತು."

"ತಪ್ಪಿಲ್ಲ. ಆಸ್ಪತ್ರೆ ಬಾಗಿಲಿಗೇ ಹೋಗ್ತೀನಿ. ದಂಡ ಬಂದ್ರೆ ಬರ್ಲಿ."

ಕ್ಯಾಮೆರಾದ ಕೈಗೆ ಸಿಕ್ಕಿದ್ದರೆ ಅಷ್ಟೇ ಆಗುತ್ತಿತ್ತು. ಫೋಟೋ ಹೊಡೆಯುತ್ತಿತ್ತು, ದಂಡ ಬರುತ್ತಿತ್ತು, ನಾವು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತಿದ್ದೆವು. ಆದರೆ ಸಿಗ್ನಲ್ಲಿನಲ್ಲಿ ನಮ್ಮ ಹಿಂದೆ ಪೊಲೀಸ್ ಬೈಕೊಂದು ನಿಂತಿತ್ತು. ಅದರ ಮೇಲಿದ್ದವಳು ನಮ್ಮ ಪ್ಲೇಟನ್ನೇ ನೋಡುತ್ತಿದ್ದಳು. ಹಸಿರು ದೀಪ ಬಂದ ಕೂಡಲೇ ಪಕ್ಕಕ್ಕೆ ಬಂದು ಕೈ ತೋರಿಸಿ ನಿಲ್ಲಿಸಿದಳು.

ಎತ್ತರದ ಹೆಣ್ಣುಮಗಳು, ಹೆಲ್ಮೆಟ್ ತೆಗೆದರೆ ನೆರೆತ ಕೂದಲು. ನಾವು ಡಚ್ಚರಲ್ಲ ಅಂತ ಕಂಡು ಇಂಗ್ಲಿಷಿನಲ್ಲೇ ಕೇಳಿದಳು. "ನಿಮ್ಮ ನಂಬರ್ ಓದಲಿಕ್ಕೆ ಆಗುತ್ತಿಲ್ಲ. ಕ್ಯಾಮೆರಾಕ್ಕೆ ಕಾಣಬಾರದು ಅಂತ ಬಳಿದಿದ್ದೀರಾ?"

ಅವಳು ತೋರಿಸಿದ ಕಡೆ ನೋಡಿದೆ. ಸ್ವಲ್ಪ ಮುಂದೆ ಕೆಂಪು ಉಂಗುರದ ದುಂಡನೆಯ ಫಲಕ, ಅದರ ಆಚೆ ಕಂಬದ ಮೇಲೆ ಕ್ಯಾಮೆರಾ. ಇತ್ತ ನಮ್ಮ ಪ್ಲೇಟಿನ ಮೇಲೆ ವಿಭೂತಿ ಒಣಗಿ ಸುಣ್ಣದ ಗೋಡೆಯ ಹಾಗಾಗಿತ್ತು. ಇಳಿದು ಹೋಗಿ ನನ್ನ ಡಿಪೋ ಇಂಗ್ಲಿಷಿನಲ್ಲಿ ಶುರುಮಾಡಿದೆ. ಮೇಡಂ, ಇದು ಪೂಜೆ, ನಾನು ಮಾಡಿದ್ದು, ಇವರದೇನೂ ತಪ್ಪಿಲ್ಲ.

"ಕಾರಿಗೆ ಪೂಜೆಯೇ?"

"ಕಾರಿಗೆ, ಬಸ್ಸಿಗೆ, ಹೊಲಿಗೆ ಮೆಷಿನ್ನಿಗೆ, ಎಲ್ಲದಕ್ಕೂ."

ಅವಳು ತನ್ನ ಬೈಕಿನ ಕಡೆ ತಿರುಗಿ ನೋಡಿ, "ನನ್ನ ಬೈಕಿಗೂ ಮಾಡುತ್ತೀರಾ?" ಅಂದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಆಮೇಲೆ ಬೆರಳು ತೋರಿಸಿ, "ಮೊದಲು ಇದನ್ನು ಒರೆಸಿ" ಅಂದಳು. ಬಾಟಲಿ ನೀರು ಸುರಿದು ಸೆರಗಿನಲ್ಲೇ ಉಜ್ಜಿದೆ. ರಾತ್ರಿ ಸುಮಾ ಬಟ್ಟೆ ಹಿಡಿದು ಬಂದಾಗ ಬಿಟ್ಟಿದ್ದರೆ ಆಗುತ್ತಿತ್ತು. ನಂಬರ್ ಕಂಡಿತು. ಪೊಲೀಸಿನವಳು ಅದನ್ನು ತನ್ನ ಫೋನಿನಲ್ಲಿ ಒತ್ತಿ ನೋಡಿ ಪ್ರಸನ್ನರ ಕಿಟಕಿಗೆ ಬಗ್ಗಿದಳು.

"ಈ ಕಾರು ಆ ಫಲಕ ದಾಟುವಂತಿಲ್ಲ. ಗೊತ್ತೇ?"

"ಗೊತ್ತು. ಆಸ್ಪತ್ರೆಗೆ ಹೋಗಬೇಕು. ನನಗೆ ಶ್ವಾಸಕೋಶದ ತೊಂದರೆ."

"ಶ್ವಾಸಕೋಶದ್ದೇ? ಹಾಗಾದರೆ ಈ ನಿಯಮ ಇರುವುದೇ ನಿಮಗಾಗಿ" ಅಂದಳು.

ನಾನು ಅಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಅವಳು ರಸ್ತೆ ಬದಿಯಲ್ಲಿ ನಿಂತು ಹೇಳಿಬಿಟ್ಟಳು. ಅಲ್ಲಿನ ಜನವೇ ಹಾಗೆ. ನೋಯಿಸಬೇಕು ಅಂತಲ್ಲ, ಸುತ್ತಿ ಬಳಸುವ ಅಭ್ಯಾಸವೇ ಇಲ್ಲ. ಅವಳು ದಂಡ ಹಾಕಲಿಲ್ಲ, ನಮ್ಮ ಕಾರು ಹಿಂದಕ್ಕೆ ತಿರುಗಿ ಪಾರ್ಕಿಂಗಿನ ಕಡೆ ಹೋಗುವ ತನಕ ಬೈಕಿನ ಮೇಲೆ ಕೂತು ನೋಡುತ್ತಿದ್ದಳು.

ಪೆಟ್ಟಿಗೆ ಸೈಕಲ್

ಪಾರ್ಕಿಂಗಿನ ಪಕ್ಕದಲ್ಲೇ ಟ್ರಾಮ್ ನಿಲ್ದಾಣ. ಪ್ರಸನ್ನ ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡರು. ಟ್ರಾಮ್ ಬಂತು. ಆಫೀಸಿನ ಹೊತ್ತು, ಒಳಗೆಲ್ಲ ಮಾಸ್ಕಿನ ಮುಖಗಳು. ಬಾಗಿಲ ತನಕ ಹೋಗಿ ಅವರು ಹಿಂದಕ್ಕೆ ಸರಿದರು. ಇನ್ನೊಂದು ಬಂತು. ಅದಕ್ಕೂ ಹಾಗೇ. ಸುಮಾ ಟ್ಯಾಕ್ಸಿ ಕರೆಸಿದಳು. ಚಾಲಕನ ಹಿಂದೆ ಪ್ಲಾಸ್ಟಿಕ್ ಪರದೆ ಕಟ್ಟಿತ್ತು, ಮಾಸ್ಕ್ ಇಲ್ಲದೆ ಕೂರಿಸುವುದಿಲ್ಲ ಅಂದ. ಪ್ರಸನ್ನ ಬಾಗಿಲು ತೆಗೆದವರು ಮತ್ತೆ ಮುಚ್ಚಿದರು. ಬೆವರುತ್ತಿದ್ದರು.

"ನಂಗಾಗಲ್ಲ ಸುಮಾ. ಮನೆಗೆ ಹೋಗೋಣ."

"ಇವತ್ತು ತಪ್ಪಿದ್ರೆ ಮತ್ತೆ ಯಾವಾಗ್ರೀ?" ಅಂದಳು ಅವಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಷ್ಟು ಸೋತ ಧ್ವನಿಯನ್ನು ನಾನು ಅವಳಿಂದ ಕೇಳಿರಲಿಲ್ಲ. ನಾನು ಅವಳ ಅಕ್ಕನಾಗಿ ಅಷ್ಟು ದೂರ ಬಂದು, ಅಲ್ಲಿ ನಿಂತು, ಏನೂ ಮಾಡಲಾಗದೆ ಸೆರಗಿನ ಕುಂಕುಮ ಹಿಂಡುತ್ತಿದ್ದೆ.

ನಿಲ್ದಾಣದ ಆಚೆ ಬಾಡಿಗೆ ಸೈಕಲ್‌ಗಳನ್ನು ನಿಲ್ಲಿಸಿದ್ದರು. ಅವುಗಳಲ್ಲಿ ಒಂದು ಮುಂದೆ ಮರದ ಪೆಟ್ಟಿಗೆ ಇರುವಂಥದ್ದು. ಅಲ್ಲಿನ ತಾಯಂದಿರು ಮಕ್ಕಳನ್ನು, ತರಕಾರಿಯನ್ನು, ನಾಯಿಯನ್ನು ಎಲ್ಲ ಅದರಲ್ಲಿ ತುಂಬಿಕೊಂಡು ತುಳಿಯುತ್ತಾರೆ. ಬಾಕ್‌ಫೀಟ್ಸ್ ಅಂತ ಹೆಸರು. ಸುಮಾ ಕಣ್ಣೊರೆಸಿಕೊಂಡು ಹೋಗಿ, ಫೋನು ತೋರಿಸಿ ಅದರ ಬೀಗ ಬಿಡಿಸಿ, ತಳ್ಳಿಕೊಂಡು ಬಂದಳು.

"ಹತ್ತಿ."

"ತಲೆ ಕೆಟ್ಟಿದ್ಯಾ? ಇದು ಮಕ್ಕಳನ್ನ ಕೂರಿಸೋದು."

"ಮೇಲೆ ಮುಚ್ಚಿಲ್ಲ, ಮಾಸ್ಕ್ ಬೇಡ, ಪಕ್ಕದಲ್ಲಿ ಯಾರೂ ಇರಲ್ಲ. ಹತ್ತಿ ಅಂದೆ."

ಪ್ರಸನ್ನ ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ತಿರುಗಿದೆ. ನನ್ನ ಮುಂದೆ ಅವರಿಗೆ ನಾಚಿಕೆಯಾಗುವುದು ಬೇಡ ಅಂತ. ತಿರುಗಿ ನೋಡಿದಾಗ ಅವರು ಮಂಡಿ ಮಡಚಿಕೊಂಡು ಪೆಟ್ಟಿಗೆಯಲ್ಲಿ ಕೂತಿದ್ದರು. ಮೋಟಾರಿನ ನೆರವು ಇರುವ ಸೈಕಲ್ಲಾದ್ದರಿಂದ ಸುಮಾ ಎರಡು ಸಲ 'ಅಯ್ಯಯ್ಯೋ' ಅಂದು ಓಲಾಡಿ ಹೊರಟೇಬಿಟ್ಟಳು.

ನಾನು ಟ್ರಾಮ್ ಹತ್ತಿದೆ. ಕಿಟಕಿಯ ಪಕ್ಕ ನಿಂತರೆ ಸೈಕಲ್ ದಾರಿ ಜೊತೆಯಲ್ಲೇ ಬರುತ್ತಿತ್ತು. ನಿಲ್ದಾಣದಲ್ಲಿ ಟ್ರಾಮ್ ನಿಂತಾಗ ಅವರು ಮುಂದೆ ಹೋಗುತ್ತಿದ್ದರು, ಮತ್ತೆ ನಾವು ಹಿಡಿಯುತ್ತಿದ್ದೆವು. ಸುಮಾಳ ಮುಖ ಕೆಂಪಾಗಿತ್ತು. ಪ್ರಸನ್ನ ಎರಡೂ ಕೈಯಲ್ಲಿ ಪೆಟ್ಟಿಗೆಯ ಅಂಚು ಹಿಡಿದು, ಮುಖವನ್ನು ಗಾಳಿಗೆ ಒಡ್ಡಿ ಕೂತಿದ್ದರು. ಅದೇ ಮೈಸೂರಿನಲ್ಲಿ ಹೆಂಡತಿ ಗಂಡನನ್ನು ಹೀಗೆ ಕೂರಿಸಿಕೊಂಡು ತುಳಿದಿದ್ದರೆ ಸಯ್ಯಾಜಿರಾವ್ ರಸ್ತೆಯೇ ನಿಂತು ನೋಡುತ್ತಿತ್ತು. ಅಲ್ಲಿ ಒಬ್ಬರೂ ತಲೆ ತಿರುಗಿಸಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಾಸ್ಕ್ ಇದ್ದದ್ದು ಒಳ್ಳೆಯದೇ ಆಯಿತು.

ಆಸ್ಪತ್ರೆಯ ಹೊರಗೆ

ಒಳಗೆ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ಸುಮಾ ಹೋದಳು. ನನಗೆ ಚಳಿ ಹಿಡಿದಿತ್ತು, ಎದುರಿನ ಕಾಫಿ ಅಂಗಡಿಗೆ ಹೋದೆ. ಲಸಿಕೆಯ ಗುರುತು ತೋರಿಸಿ ಅಂದರು. ಊರಿನ ಸರ್ಟಿಫಿಕೇಟ್ ತೋರಿಸಿದೆ, ಅವರ ಯಂತ್ರ ಅದನ್ನು ಒಪ್ಪಲಿಲ್ಲ. ಹುಡುಗಿ ಪಾಪ ಮೂರು ಸಲ ಪ್ರಯತ್ನಿಸಿ, ಕಾಗದದ ಲೋಟದಲ್ಲಿ ಕಾಫಿ ಕೊಟ್ಟು ಹೊರಗಿನ ಬೆಂಚು ತೋರಿಸಿದಳು. ಅಲ್ಲಿ ಕೂತು ಕಟ್ಟಿ ತಂದಿದ್ದ ಪುಳಿಯೋಗರೆ ಬಿಚ್ಚಿದೆ. ಸಣ್ಣಗೆ ಮಳೆ ಶುರುವಾಯಿತು. ಹಿಂದಿನ ರಾತ್ರಿ ಬರಬೇಕಾದ ಮಳೆ.

ಅವರು ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು. ಸುಮಾ ಹೇಳಿದಳು: ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿದ ಭಾಗ ಇನ್ನು ಮೊದಲಿನ ಹಾಗಾಗುವುದಿಲ್ಲ, ಉಳಿದದ್ದು ಚೆನ್ನಾಗಿದೆ. ಅರ್ಧ ದಿನದ ಹಾಗೆ ಕೆಲಸಕ್ಕೆ ಹೋಗಬಹುದು. ನಡೆಯಬೇಕು, ಜನರ ನಡುವೆ ಹೋಗಬೇಕು. ರೈಲಿನಲ್ಲಿ ಉಸಿರು ನಿಲ್ಲುವುದು ಶ್ವಾಸಕೋಶದಿಂದಲ್ಲ, ಭಯದಿಂದ. ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಕೊಂಡರೆ ಬಿಡುತ್ತದೆ ಅಂತ ಡಾಕ್ಟರು ಹೇಳಿದರಂತೆ.

ನಮ್ಮ ಮಾತು ಮುಗಿಯುವ ತನಕ ಪ್ರಸನ್ನ ಮಳೆಯಲ್ಲೇ ನಿಂತಿದ್ದರು. ಆಮೇಲೆ ಕಾರಿನ ಕೀಲಿಗೊಂಚಲನ್ನು ತೆಗೆದು ಸುಮಾಳ ಕೈಗೆ ಕೊಟ್ಟರು.

"ನೀನು ಗಾಡಿ ತಗೊಂಡ್ ಬಾ. ನಾನು ರೈಲಲ್ಲಿ ಬರ್ತೀನಿ. ಅಕ್ಕ ಜೊತೇಲಿ ಬರ್ಲಿ."

ಸುಮಾ ಬಾಯಿ ತೆರೆದಳು, ನಾನು ಅವಳ ಕೈ ಅದುಮಿದೆ. ಮತ್ತೆ ಮನಸ್ಸು ಬದಲಾದರೆ ಅನ್ನುವ ಭಯ ನನಗೆ.

ಹಿಲ್ವರ್ಸಮ್

ಸ್ಟೇಷನ್ ದೂರವಿರಲಿಲ್ಲ, ನಿಧಾನವಾಗಿ ನಡೆದೇ ಹೋದೆವು. ರೈಲಿನಲ್ಲಿ ಕೂರಲು ಜಾಗವಿತ್ತು, ಅವರು ಕೂರಲಿಲ್ಲ. ಬಾಗಿಲ ಪಕ್ಕದ ಕಂಬ ಹಿಡಿದು ನಿಂತರು. ರೈಲು ಹೊರಟಿತು. ಒಂದೇ ಸಮನೆ ಚಪ್ಪಟೆ ಹೊಲ, ಕಾಲುವೆ, ಹಸುಗಳು. ನಾನು ಮೈಸೂರಿನ ಸುದ್ದಿ ಹೇಳುತ್ತಾ ಹೋದೆ. ಯಾರ ಮದುವೆ, ಯಾರ ಮನೆ ಬಾಡಿಗೆಗಿದೆ, ಏನೇನೋ. ಅವರ ಬೆರಳು ಕಂಬದ ಮೇಲೆ ಬಿಳಿಚಿಕೊಂಡಿತು. ಕಣ್ಣು ಬಾಗಿಲ ಮೇಲೇ ಇತ್ತು.

"ಅಕ್ಕ, ಇಳೀಬೇಕು."

"ಬಂತು, ಮುಂದಿನ ಸ್ಟೇಷನ್ ಬಂತು" ಅಂತ ಮಣಿಕಟ್ಟು ಹಿಡಿದುಕೊಂಡೆ. ಬಂದಿತ್ತೋ ಇಲ್ಲವೋ ನನಗೇನು ಗೊತ್ತು? ಅಂತೂ ಹಿಲ್ವರ್ಸಮ್ ಅನ್ನುವ ಬೋರ್ಡು ಕಂಡಿತು. ಇಳಿದು, ಮಾಸ್ಕ್ ಕಿತ್ತು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು. ಬಹಳ ಹೊತ್ತು ಬರೀ ಉಸಿರಾಡಿದರು. ನಾನು ಬೆನ್ನು ನೀವಲು ಹೋಗಲಿಲ್ಲ. ಪೂಜೆಗೆ ಮಾಡಿದ್ದ ಕೊಬ್ಬರಿ ಮಿಠಾಯಿ ಚೀಲದಲ್ಲಿತ್ತು, ಮಧ್ಯೆ ಇಟ್ಟೆ.

"ಕಾರಲ್ಲಾದ್ರೆ ಎಲ್ರೂ ಕೂತೇ ಇರ್ತಾರಲ್ಲ ಅಕ್ಕ" ಅಂದರು ಆಮೇಲೆ. "ಇವನಿಗೆ ನಡೆಯಕ್ಕಾಗಲ್ಲ ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲರ ಸಮಕ್ಕೆ ನಾನೂ ಹೋಗ್ತಿರ್ತೀನಿ. ಅದಕ್ಕೇ."

ಸುಮಾಗೆ ಈ ಮಾತು ಹೇಳಿದ್ದೀರಾ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದರು. ಹೇಳಿ ಅಂದೆ.

ಒಂದು ರೈಲನ್ನು ಬಿಟ್ಟೆವು, ಇನ್ನೊಂದನ್ನೂ ಬಿಟ್ಟೆವು. ಅದರ ಮುಂದಿನದು ಬಂದಾಗ ಅವರೇ ಎದ್ದು ಮಾಸ್ಕ್ ಹಾಕಿಕೊಂಡರು. ಈ ಸಲ ಕೂತರು. ಕಣ್ಣು ಮುಚ್ಚಿಕೊಂಡು, ಒಂದು ಕೈಯಲ್ಲಿ ನನ್ನ ಚೀಲದ ಹಿಡಿ ಹಿಡಿದುಕೊಂಡು, ಆಮರ್ಸ್‌ಫೋರ್ಟ್ ತನಕ ಬಂದರು. ಇಳಿದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ರವಿಕೆಯದೂ ಅದೇ ಗತಿ.

ಮನೆ ಮುಂದೆ

ಸ್ಟೇಷನ್ನಿನಿಂದ ಮನೆಗೆ, ಎಲ್ಲೆಲ್ಲಿ ಬೆಂಚು ಸಿಕ್ಕಿತೋ ಅಲ್ಲೆಲ್ಲ ಕೂತು, ನಡೆದು ಬಂದೆವು. ಬಾಗಿಲ ಮುಂದೆ ಬಂದ ಮೇಲೆ ಗೊತ್ತಾಯಿತು, ಮನೆ ಕೀಲಿ ಕಾರಿನ ಗೊಂಚಲಿನಲ್ಲೇ ಇದೆ. ಸುಮಾಗೆ ಫೋನ್ ಮಾಡಿದರೆ ಹೆದ್ದಾರಿಯಲ್ಲಿ ಟ್ರಾಫಿಕ್, ಇನ್ನೇನು ಬಂದೆ ಅಂದಳು. ಮಳೆ ನಿಂತಿತ್ತು. ಗಾಳಿ ತಣ್ಣಗಿತ್ತು, ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ, ಬೇಲಿ ಗಿಡದ ಹತ್ತಿರ ಇಬ್ಬರೂ ಕಾಯುತ್ತಾ ನಿಂತೆವು. ಪ್ರಸನ್ನ ದಣಿದಿದ್ದರು, ಆದರೆ ಮುಖದಲ್ಲಿ ಏನೋ ಒಂದು ಹುರುಪಿತ್ತು. "ಅವಳಿಗಿಂತ ಮುಂಚೆ ಬಂದ್ವಿ ನೋಡಿ ಅಕ್ಕ" ಅಂದರು.

ರಸ್ತೆ ತಿರುವಿನಲ್ಲಿ ಕಾರು ಕಾಣಿಸಿತು. ಪ್ರಸನ್ನ ಕೈ ಎತ್ತಿದರು. ಸುಮಾ ನಮ್ಮನ್ನು ದಾಟಿ ಮುಂದೆ ಹೋಗಿ, ಹಿಂದಕ್ಕೆ ತೆಗೆದು ನಿಲ್ಲಿಸಲು ಎಕ್ಸಿಲರೇಟರ್ ತುಳಿದಳು. ಕೊಳವೆಯಿಂದ ಕಪ್ಪಗೆ ಹೊಗೆ ಎದ್ದು ಬೇಲಿಯ ಮೇಲೆ, ನಮ್ಮ ಮೇಲೆ ಬಂತು. ಹಿಂದಕ್ಕೆ ತೆಗೆದು ನಿಲ್ಲಿಸುವುದು ಅವಳಿಗೆ ಅಷ್ಟಾಗಿ ಬರುವುದಿಲ್ಲ, ಮುಂದಕ್ಕೆ ಹಿಂದಕ್ಕೆ ಆಡಿಸಿದಳು. ಮತ್ತೆ ಹೊಗೆ. ಪ್ರಸನ್ನ ಕೆಮ್ಮಿದರು. ಕೈಯಲ್ಲಿ ಮೂಗು ಮುಚ್ಚಿಕೊಂಡು ಹಿಂದೆ ಹಿಂದೆ ಸರಿದು ಬೇಲಿಯ ಆಚೆ ಹೋಗಿ ಬಗ್ಗಿ ನಿಂತರು. "ಆಫ್ ಮಾಡು! ಆಫ್ ಮಾಡು!" ಅಂತ ನಾನು ಕಾರಿನ ಮೈ ಬಡಿದೆ.

ಎಂಜಿನ್ ನಿಂತಿತು. ಸುಮಾ ಗಾಬರಿಯಿಂದ ಇಳಿದು ಬಂದಳು. ಕೆಮ್ಮು ತಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರಸನ್ನ ಕಣ್ಣೊರೆಸಿಕೊಂಡು ಕಾರನ್ನು ನೋಡಿದರು.

"ಯಾವಾಗಿಂದ ಹಿಂಗೆ ಹೊಗೆ ಬಿಡ್ತಿದೆ ಇದು?"

ನಾನು ಸುಮಾಳ ಮುಖ ನೋಡಿದೆ. ಅವಳು ಕೀಲಿಗೊಂಚಲನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಮೊದಲಿಂದಲೂ ರೀ" ಅಂದಳು. "ನೀವು ಯಾವಾಗಲೂ ಒಳಗೇ ಇರ್ತಿದ್ರಲ್ಲ."

ಪ್ರಸನ್ನ ಹೊಗೆ ಪೂರ್ತಿ ಕರಗುವ ತನಕ ಬೇಲಿಯ ಆಚೆಯೇ ನಿಂತಿದ್ದು, ಆಮೇಲೆ ಕಾರಿನ ಹತ್ತಿರ ಬಾರದೆ, ಸುತ್ತು ಹಾಕಿಕೊಂಡು, ಸುಮಾ ತೆಗೆದ ಬಾಗಿಲಿನಿಂದ ಮನೆಯೊಳಗೆ ಹೋದರು.